ಈ ಸೈಟು ಮಾರಾಟಕ್ಕಿಲ್ಲ ಸ್ವಾಮೀ

ಬೆಂಗಳೂರಿನ ಯಾವ ಹೊಸ ಬಡಾವಣೆಗಾದರೂ ಹೋಗಿ ಖಾಲಿ ಸೈಟುಗಳ ಕಾಂಪೌಂಡ್ ಓದಿ. ಬಿಳಿ ಸುಣ್ಣದ ಮೇಲೆ ಕೆಂಪು ಬಣ್ಣದಲ್ಲಿ ಗೇಣುದ್ದದ ಅಕ್ಷರ: ‘ಈ ನಿವೇಶನ ಮಾರಾಟಕ್ಕಿಲ್ಲ’. ಅದರ ಕೆಳಗೆ ಸೈಟ್ ನಂಬರು, ಸರ್ವೆ ನಂಬರು, 30x40 ಅಳತೆ, ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ. ಇನ್ನೂ ಜಾಗ ಉಳಿದಿದ್ದರೆ ‘ದಲ್ಲಾಳಿಗಳನ್ನು ನಂಬಿ ಮೋಸಹೋಗಬೇಡಿ’. ಮಾರುವುದಿದ್ದರೆ ಬೋರ್ಡು ಹಾಕುವುದು ಲೋಕರೂಢಿ. ಮಾರುವುದಿಲ್ಲ ಅನ್ನುವುದಕ್ಕೂ ಪೇಂಟರ್ ಕರೆಸಬೇಕಾದ ವಸ್ತು ಭೂಮಿಯೊಂದೇ. ಎಮ್ಮೆಯ ಕೊರಳಿಗೆ ಇಂಥ ಫಲಕ ಯಾರೂ ಕಟ್ಟಿದ್ದಿಲ್ಲ.

ಹೊರಗಿನಿಂದ ಬಂದವರು ಇದನ್ನು ನೋಡಿ ನಗುತ್ತಾರೆ. ನಗಲಿ. ಆ ಗೋಡೆ ಬರೆಸಿದವರು 1908ರ ನೋಂದಣಿ ಕಾಯ್ದೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡವರು.

ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ಯಾಮೆರಾ ಮುಂದೆ ಏನು ನಡೆಯುತ್ತದೆ ನೋಡಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಕ್ರಯಪತ್ರದ ಕರಡು ಮೊದಲೇ ಅಪ್‌ಲೋಡ್ ಆಗಿದೆ, ದುಡ್ಡು ಆನ್‌ಲೈನಲ್ಲಿ ಕಟ್ಟಾಗಿದೆ, ಸಮಯ ಗೊತ್ತಾಗಿದೆ. ಮಾರುವವರು ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಗುರುತಿಸಲು ಇಬ್ಬರು ಬಂದಿರುತ್ತಾರೆ. ಆ ಇಬ್ಬರನ್ನು ಗುರುತಿಸುವವರು ಯಾರು ಅಂತ ಕೇಳಿದರೆ ಹಿಂದೆ ನಿಂತ ಕ್ಯೂ ಬೈಯುತ್ತದೆ. ಆಮೇಲೆ ಎರಡು ಪ್ರಶ್ನೆ. ‘ಬರೆದುಕೊಟ್ಟಿದ್ದು ನೀವೇನಾ?’ ‘ಹೌದು ಸಾರ್.’ ‘ದುಡ್ಡು ಬಂತಾ?’ ‘ಬಂತು ಸಾರ್.’ ಮುಗೀತು. ‘ಜಾಗ ನಿಮ್ಮದೇನಾ?’ ಅನ್ನುವ ಮೂರನೇ ಪ್ರಶ್ನೆ ಅಲ್ಲಿಲ್ಲ. ಕೋಳೀನ ಕೇಳಿ ಮಸಾಲೆ ಅರೆಯೋ ಪದ್ಧತಿ ಯಾವ ಅಡುಗೆಮನೆಯಲ್ಲಿದೆ?

ಇದು ಆ ಅಧಿಕಾರಿಯ ಸೋಮಾರಿತನ ಅಂದುಕೊಳ್ಳಬೇಡಿ. ನಮ್ಮ ಕಾಯ್ದೆ ನೋಂದಾಯಿಸುವುದು ಪತ್ರವನ್ನು. ಒಡೆತನ ಯಾರದು ಅನ್ನುವ ಗೋಜು ಅದಕ್ಕೆ ಬೇಡ. ಮಾರುವವನ ಮೂಲಪತ್ರ ನೋಡದೆ ನೋಂದಣಿ ಮಾಡಬೇಡಿ ಅಂತ ತಮಿಳುನಾಡು ಒಂದು ನಿಯಮ ಮಾಡಿಕೊಂಡಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಒಡೆತನ ಪರೀಕ್ಷಿಸುವುದು ಸಬ್ ರಿಜಿಸ್ಟ್ರಾರ್ ಕೆಲಸವಲ್ಲ, ಮೂಲ ಕಾಯ್ದೆ ಅವರಿಗೆ ಆ ಅಧಿಕಾರ ಕೊಟ್ಟಿಲ್ಲ. ತರ್ಕ ಸರಿಯಾಗಿಯೇ ಇದೆ. ಮಾರಿದವನ ಹತ್ತಿರ ಏನಿತ್ತೋ ಅದು ಕೊಂಡವನಿಗೆ ಬರುತ್ತದೆ. ಏನೂ ಇರದಿದ್ದರೆ ಆ ಏನೂ ಇಲ್ಲದ್ದು ಫೋಟೊ, ಹೆಬ್ಬೆಟ್ಟು, ಮೊಹರು ಸಮೇತ ಶಾಸ್ತ್ರೋಕ್ತವಾಗಿ ಬರುತ್ತದೆ. ಕರ್ನಾಟಕವೇನೋ ಕಾಯ್ದೆಗೇ 22-ಬಿ ಸೆಕ್ಷನ್ ಸೇರಿಸಿ ನಕಲಿ ದಾಖಲೆಯನ್ನು ತಿರಸ್ಕರಿಸುವ ಅಧಿಕಾರ ಕೊಟ್ಟಿದೆ. ನಕಲಿ ಅಂತ ಮೊದಲು ಗೊತ್ತಾಗಬೇಕು, ಅಷ್ಟೆ.

ಈ ಸೇವೆ ಪುಕ್ಕಟೆಯಲ್ಲ. ಬೆಂಗಳೂರಿನಲ್ಲಿ ಒಂದು ಕೋಟಿಯ ಸೈಟಿಗೆ ಲೆಕ್ಕ ಹಾಕಿ. ಮುದ್ರಾಂಕ ಶುಲ್ಕ ನೂರಕ್ಕೆ 5, ಅಂದರೆ 5 ಲಕ್ಷ. ಆ ಶುಲ್ಕದ ಮೇಲೆ ನೂರಕ್ಕೆ 10 ಸೆಸ್, 50 ಸಾವಿರ. ಅದೇ ಶುಲ್ಕದ ಮೇಲೆ ನೂರಕ್ಕೆ 2 ಸರ್‌ಚಾರ್ಜ್, 10 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದಿದ್ದದ್ದು ಎರಡು ಪರ್ಸೆಂಟ್ ಆಗಿದೆ, 2 ಲಕ್ಷ. ಒಟ್ಟು 7,60,000 ರೂಪಾಯಿ. ನೀವು ಕಡಿಮೆಗೆ ಕೊಂಡೆ ಅಂದರೂ ನಡೆಯದು. ಸರ್ಕಾರವೇ ಗೊತ್ತುಮಾಡಿದ ಮಾರ್ಗಸೂಚಿ ದರ ಹೆಚ್ಚಿದ್ದರೆ ಅದರ ಮೇಲೆಯೇ ವಸೂಲಿ. ಸೈಟಿನ ಬೆಲೆ ಎಷ್ಟು ಅನ್ನುವುದು ಸರ್ಕಾರಕ್ಕೆ ಚದರಡಿ ಲೆಕ್ಕದಲ್ಲಿ ಗೊತ್ತು. ಯಾರದ್ದು ಅಂತ ಮಾತ್ರ ಕೇಳಬಾರದು.

ಹೋಗಲಿ, ಬೇರೆ ಕಾಗದಗಳು ಹೇಳುತ್ತವಾ? ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ನೋಂದಣಿಯಾದ ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ನೋಂದಣಿಯಾಗದ ಅಗ್ರಿಮೆಂಟು, ಬಾಯಿಮಾತಿನ ಪಾಲು, ಸಹಿ ಹಾಕದ ಅಕ್ಕತಂಗಿಯರು ಇವೆಲ್ಲ ಅದರ ಕಣ್ಣಿಗೆ ಬೀಳುವುದಿಲ್ಲ. ಖಾತಾ ಇದೆಯಲ್ಲ ಅಂದಿರಾ? ಖಾತಾ ಅಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕು ಅನ್ನುವ ಪಟ್ಟಿ, ಹಕ್ಕುಪತ್ರವಲ್ಲ ಅಂತ ನ್ಯಾಯಾಲಯಗಳು ಹೇಳಿ ಹೇಳಿ ಸುಸ್ತಾಗಿವೆ. ಅದರಲ್ಲೂ ಬಿ ಖಾತಾ ಇದೆಯಲ್ಲ, ಅದು ಪಾಲಿಕೆಯ ಅದ್ಭುತ ಕೃತಿ: ನಿನ್ನ ಮನೆ ಅಕ್ರಮ, ನಿನ್ನ ತೆರಿಗೆ ಸಕ್ರಮ.

2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ಒಳ್ಳೆಯದೇ, ಮಾರುವವನ ಹೆಸರು ಕಂಪ್ಯೂಟರಿನಲ್ಲಿದ್ದ ಹೆಸರಿಗೆ ತಾಳೆಯಾಗಬೇಕಲ್ಲ. ಆದರೆ ಇ-ಖಾತಾ ಬೇಕಿದ್ದರೆ ನೋಂದಣಿಯಾದ ಕ್ರಯಪತ್ರದ ನಂಬರು ಕೊಡಬೇಕು. ಆ ಸೈಟಿನ ಮುಂದಿನ ಕ್ರಯಪತ್ರ ನೋಂದಣಿಯಾಗಬೇಕಿದ್ದರೆ ಇ-ಖಾತಾ ಕೊಡಬೇಕು. ನಾನು ಹಕ್ಕುಪತ್ರವಲ್ಲ ಅನ್ನುವ ಎರಡು ದಾಖಲೆ ಒಂದಕ್ಕೊಂದು ಜಾಮೀನು ನಿಂತಿವೆ. ಜೊತೆಗೆ ಸ್ವತ್ತಿನ ಫೋಟೊ ಬೇರೆ ಅಪ್‌ಲೋಡ್ ಮಾಡಬೇಕು. ಖಾಲಿ ಸೈಟಿನ ಫೋಟೊದಲ್ಲಿ ಪಾರ್ಥೇನಿಯಂ ಗಿಡ ಬಿಟ್ಟರೆ ಇನ್ನೇನು ಬರುತ್ತೆ? ಬೋರ್ಡ್ ಬರುತ್ತೆ. ಅದಕ್ಕೇ ಬೋರ್ಡು ಬೇಕು ಅನ್ನೋದು.

ಆದ್ದರಿಂದ ಗೋಡೆಯ ವಿಷಯಕ್ಕೆ ವಾಪಸ್ ಬರೋಣ. ಕೋಲಿಗೆ ಸಿಕ್ಕಿಸಿದ ತಗಡಿನ ಬೋರ್ಡು ನಂಬಬೇಡಿ, ವಾರದಲ್ಲಿ ಗುಜರಿಗೆ ಹೋಗುತ್ತದೆ. ಹಸಿ ಸಿಮೆಂಟಿನ ಮೇಲೆ ಬರೆಸಿದರೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಗಿಲಾವು ಪೂರ್ತಿ ಒಣಗಲಿ, ಪ್ರೈಮರ್ ಬಿದ್ದ ಮೇಲೆ ಎನಾಮೆಲ್. ಕೆಂಪು ನೋಡಲು ಜೋರು, ಬಿಸಿಲಿಗೆ ಮೊದಲು ಹೋಗುವುದೂ ಅದೇ; ಕಪ್ಪು ಬಾಳಿಕೆ ಬರುತ್ತದೆ. ರಸ್ತೆ ಕಡೆ ಒಂದು ಸಲ, ಒಳಗೋಡೆಗೆ ಇನ್ನೊಂದು ಸಲ ಬರೆಸಿ, ಏಕೆಂದರೆ ಹೊರಗಿನದನ್ನು ಚುನಾವಣೆ ಪೋಸ್ಟರೋ ಟ್ಯೂಷನ್ ಜಾಹೀರಾತೋ ನುಂಗುತ್ತದೆ. ವರ್ಷಕ್ಕೊಮ್ಮೆ ತಾರೀಖು ಬೀಳುವ ಹಾಗೆ ಫೋಟೊ ತೆಗೆದಿಡಿ. ಗೋಡೆಬರಹ ಸ್ವಾಧೀನವಲ್ಲ, ನಿಜ. ಆದರೆ ಯಾರೋ ಗುಡಿಸಲು ಹಾಕಿ ಬಹಿರಂಗವಾಗಿ ನನ್ನದೇ ಅಂತ 12 ವರ್ಷ ಕಳೆದು ಪ್ರತಿಕೂಲ ಸ್ವಾಧೀನದ ಮಾತೆತ್ತಿದರೆ ಆ ಫೋಟೊ, ಕಂದಾಯ ರಸೀದಿ ಎರಡೂ ಕೈಗೆ ಬರುತ್ತವೆ.

ಇದರಲ್ಲೊಂದು ಎಡವಟ್ಟಿದೆ. ಮಾಲೀಕರ ಹೆಸರು, ಸೈಟ್ ನಂಬರು, ಸರ್ವೆ ನಂಬರು, ಅಳತೆ ಗೋಡೆಯ ಮೇಲೆ ಬಂದವೆಂದರೆ ನಕಲಿ ಕ್ರಯಪತ್ರದ ಶೆಡ್ಯೂಲ್ ಬರೆಯಲು ಬೇಕಾದದ್ದೆಲ್ಲ ಬಂದಂತೆ. ಉಳಿಯುವುದು ಚಕ್ಕುಬಂದಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದ ಸೈಟು ಅಂತ ಅಲ್ಲೇ ನಿಂತು ನೋಡಿದರೆ ಆಯಿತು. ಫೋನ್ ನಂಬರ್ ಇದ್ದರೆ ಮಾಲೀಕರು ಅಮೆರಿಕದಲ್ಲಿದ್ದಾರೋ ಮಲ್ಲೇಶ್ವರದಲ್ಲೋ ಅನ್ನುವುದೂ ತಿಳಿಯುತ್ತದೆ. ದಲ್ಲಾಳಿಗಳಂತೂ ‘ಮಾರಾಟಕ್ಕಿಲ್ಲ’ ಅನ್ನುವುದನ್ನು ‘ರೇಟು ಇನ್ನೂ ಕುದುರಿಲ್ಲ’ ಅಂತಲೇ ಓದಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ಫೋನು ಖಾತ್ರಿ.

ಕೊಳ್ಳುವವರ ಕಡೆಯ ಗೋಡೆ ಅಂದರೆ ಪೇಪರ್. ವಕೀಲರ ಹೆಸರಿನಲ್ಲಿ ‘ಸಾರ್ವಜನಿಕ ಪ್ರಕಟಣೆ: ತಕರಾರಿದ್ದವರು 7 ದಿನದೊಳಗೆ ತಿಳಿಸತಕ್ಕದ್ದು, ತಪ್ಪಿದಲ್ಲಿ ಯಾವ ಹಕ್ಕೂ ಇಲ್ಲವೆಂದು ಭಾವಿಸಲಾಗುವುದು’. ಭಾವಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಒಡೆತನದ ಆಧಾರದ ಮೇಲೆ ಸ್ವಾಧೀನ ಕೇಳಲು ಕಾಲಮಿತಿ ಕಾಯ್ದೆ 12 ವರ್ಷ ಕೊಟ್ಟಿದೆ. ಆ 12 ವರ್ಷವನ್ನು 7 ದಿನಕ್ಕೆ ಇಳಿಸುವ ಶಕ್ತಿ ನಾಲ್ಕನೇ ಪುಟದ ಮೂಲೆಗೆ ಇಲ್ಲ. ಪ್ರಾಮಾಣಿಕವಾಗಿ ವಿಚಾರಿಸಿದ್ದೆ ಅಂತ ತೋರಿಸಲು ಮಾತ್ರ ಆಗುತ್ತದೆ.

ಗೋಡೆಬರಹಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಇನ್ನೊಂದು ನಮೂನೆ: ‘ಈ ಸ್ವತ್ತಿನ ಮೇಲೆ ಓ.ಎಸ್. ನಂ. ಇಂತಿಷ್ಟು ದಾವೆ ನಡೆಯುತ್ತಿದೆ’. ಓ.ಎಸ್. ಅಂದರೆ ಒರಿಜಿನಲ್ ಸೂಟ್, ಸಿವಿಲ್ ಕೋರ್ಟಿನ ಅಸಲು ದಾವೆ. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ದಾವೆ ನಡೆಯುವಾಗ ಕೊಂಡವನಿಗೂ ತೀರ್ಪು ಅಂಟಿಕೊಳ್ಳುತ್ತದೆ, ಅವನಿಗೆ ದಾವೆಯ ವಿಷಯ ಗೊತ್ತಿರಲಿ, ಬಿಡಲಿ. ಮಹಾರಾಷ್ಟ್ರ, ಗುಜರಾತಿನಲ್ಲಿ ಇದೇ ಸೆಕ್ಷನ್ನಿಗೆ ತಿದ್ದುಪಡಿ ಮಾಡಿ, ದಾವೆಯ ನೋಟಿಸನ್ನು ನೋಂದಾಯಿಸಿದರೆ ಮಾತ್ರ ಕೊಂಡವನನ್ನು ಕಟ್ಟಿಹಾಕಬಹುದು ಅಂತ ಮಾಡಿದ್ದಾರೆ. ನಮ್ಮಲ್ಲಿ ಆ ತಿದ್ದುಪಡಿ ಇಲ್ಲ. ಸೈಟಿನ ಮೇಲೆ ದಾವೆ ಹೂಡಿದ ಮಾತ್ರಕ್ಕೆ ಅದು ಇಸಿಗೆ ಬರುವುದಿಲ್ಲ. ಬರುವುದು ಕಾಂಪೌಂಡ್ ಮೇಲೆ. ಅದಕ್ಕೇ ಸೈಟು ನೋಡಲು ಹೋದಾಗ ಹೊಸದಾಗಿ ಸುಣ್ಣ ಬಳಿದ ಗೋಡೆ ಕಂಡರೆ ಹತ್ತಿರ ಹೋಗಿ, ಓರೆ ಬಿಸಿಲಿನಲ್ಲಿ ನೋಡಿ. ಎನಾಮೆಲ್ ಮೇಲೆ ಸುಣ್ಣ ಸರಿಯಾಗಿ ಹಿಡಿಯದು, ಅಡಿಯಲ್ಲಿ ‘ಓ.ಎಸ್.’ ಇದ್ದರೆ ಅಕ್ಷರದ ಅಂಚು ಉಬ್ಬಿರುತ್ತದೆ.

ಇನ್ನು ಒಂದೇ ಸೈಟಿಗೆ ಎರಡು ಬರಹ ಇರುವುದೂ ಉಂಟು. ಒಬ್ಬರದು ಬಡಾವಣೆ ಮಾಡಿದವನಿಂದ ಬಂದ ಪತ್ರ, ಇನ್ನೊಬ್ಬರದು ಆ ಜಮೀನಿನ ಹಳೇ ರೈತ ಕೊಟ್ಟ ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೂಲಕ ಬಂದದ್ದು. ಬರೀ ಜಿಪಿಎಯಿಂದ ಒಡೆತನ ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಹೇಳಿದೆ. ಜಿಪಿಎ ಕೊಟ್ಟವನು ಸತ್ತರೆ ಸಾಮಾನ್ಯವಾಗಿ ಜಿಪಿಎಯೂ ಸಾಯುತ್ತದೆ. ಆದರೂ ಎರಡೂ ಪತ್ರ ನೋಂದಣಿಯಾಗಿವೆ, ಎರಡಕ್ಕೂ ಶುಲ್ಕ ಸಂದಿದೆ. ಕೇಸು ಬಿದ್ದ ಮೇಲೆ ಸ್ಥಳ ಪರಿಶೀಲನೆಗೆ ನ್ಯಾಯಾಲಯ ಕಮಿಷನರನ್ನು ನೇಮಿಸುತ್ತದೆ. ಅವರು ಸರ್ವೇಯರ್ ಜೊತೆ ಟೇಪು ಹಿಡಿದು ಬಂದು, ಎರಡೂ ಕಡೆಯ ವಕೀಲರ ಎದುರು ವರದಿಗೆ ಟಿಪ್ಪಣಿ ಮಾಡಿಕೊಳ್ಳುತ್ತಾರೆ: ಸ್ವತ್ತು ಖಾಲಿ ಇದೆ, ಉತ್ತರದ ಗೋಡೆಯಲ್ಲಿ ಕೆಂಪು ಅಕ್ಷರದಲ್ಲೂ ದಕ್ಷಿಣದ ಗೋಡೆಯಲ್ಲಿ ನೀಲಿ ಅಕ್ಷರದಲ್ಲೂ ಇದು ಮಾರಾಟಕ್ಕಿಲ್ಲವೆಂದು ಬರೆದಿದೆ, ನಡುವೆ ಒಂದು ಹಸು ಮೇಯುತ್ತಿದ್ದು, ಅದರ ಮಾಲೀಕರು ಸ್ಥಳದಲ್ಲಿ ಹಾಜರಿದ್ದರು.