ಗಾಳಿಗೂ ಬಿಲ್ಲು ಸ್ವಾಮಿ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಅದೇ ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ಏಪ್ರಿಲ್ ಬಂತೆಂದರೆ ನಲ್ಲಿ ಬುಸ್ ಅನ್ನುತ್ತದೆ. ನೀರಿಲ್ಲ, ಬರೀ ಗಾಳಿ. ಆದರೆ ಮೀಟರ್ ನೋಡಿ, ಗಿರಗಿರ ತಿರುಗುತ್ತಿರುತ್ತದೆ! ಪೈಪು ಖಾಲಿಯಾಗಿ ಮತ್ತೆ ನೀರು ಬಿಟ್ಟಾಗ ಒಳಗಿನ ಗಾಳಿ ಮುಂದೆ ನುಗ್ಗುತ್ತದೆ, ಮೀಟರಿಗೆ ಗಾಳಿ ಯಾವುದು ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಲೈನಿಗೆ ಗಾಳಿ ಹೊರಬಿಡುವ ಏರ್ ವಾಲ್ವ್ ಹಾಕಿದರೆ ಸುಮಾರಾಗಿ ಸರಿಹೋಗುತ್ತದೆ. ಆದರೆ ಎಸ್ಟಿಮೇಟಿನಲ್ಲಿ ಅದು ಇರಲಿಲ್ಲವಂತೆ.

ಇಷ್ಟಕ್ಕೂ ಗಾಬರಿ ಬೇಡ, ಮೀಟರ್ ಓದುವವರು ಯಾರೂ ಇಲ್ಲ. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ನಮ್ಮಲ್ಲೂ ಮನೆ ಮನೆಗೆ ನಲ್ಲಿ ಬಂತು, ಜೊತೆಗೆ ಮೀಟರೂ ಬಂತು. ಈಗ ನಮ್ಮ ಮನೆಯ ಮೀಟರಿನ ಗಾಜಿನೊಳಗೆ ಮಂಜು ಕಟ್ಟಿದೆ, ಮುಚ್ಚಳದಡಿ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿವೆ. ನೀರುಗಂಟಿ ತಿಂಗಳಿಗೊಮ್ಮೆ ಬಂದು, ಮೀಟರ್ ಕಡೆ ತಿರುಗಿಯೂ ನೋಡದೆ, ನೂರು ರೂಪಾಯಿ ರಸೀದಿ ಹರಿದು ಕೊಡುತ್ತಾನೆ.

ಎಲ್ಲರಿಗೂ ಒಂದೇ ನೂರು. ಸಮಾನತೆ ಅಂದರೆ ಹೀಗಿರಬೇಕು ಅಲ್ವಾ? ಮೇಲಿನ ಮನೆ ಅಜ್ಜಿ ಒಬ್ಬರೇ ಇರುವುದು. ತಲೆಗೆ ದಿನಕ್ಕೆ 55 ಲೀಟರ್ ಅಂತ ಸರ್ಕಾರದ ಲೆಕ್ಕ, ಅಂದರೆ ಅಜ್ಜಿಯ ಪಾಲು ತಿಂಗಳಿಗೆ 1650 ಲೀಟರ್. ಅವರ ಹಂಡೆಗೆ ಅಷ್ಟೂ ಬೇಡ. ಕೆಳಗಿನ ಹೋಂಸ್ಟೇಯಲ್ಲಿ 'ಕೃತಕ ಜಲಪಾತ' ಇದೆ. ಮಲೆನಾಡಲ್ಲಿ ಕೃತಕ ಜಲಪಾತ ಮಾರಾಯ್ರೆ! ಅದಕ್ಕೂ ಅದೇ ನೂರು.

ಗ್ರಾಮಸಭೆಯಲ್ಲಿ ನಾನು ಎದ್ದು ನಿಂತೆ. ಪಂಪಿನ ಕರೆಂಟು, ನೀರುಗಂಟಿ ಸಂಬಳ ಎಲ್ಲರೂ ಸ್ವಲ್ಪ ಸ್ವಲ್ಪ ಹೊರೋಣ, ಮನೆಬಳಕೆಯ ನೀರಿಗೆ ಕಡಿಮೆ ದರ ಇರಲಿ, ಅದರ ಮೇಲೆ ಸುರಿದವರಿಗೆ, ತೋಟಕ್ಕೆ ಬಿಟ್ಟವರಿಗೆ ಏರುತ್ತಾ ಹೋಗಲಿ ಅಂದೆ. ತೋಟದವರೆಲ್ಲ ನನ್ನನ್ನೇ ನೋಡಿದರು. ಒಬ್ಬರು, "ನೀರು ದೇವರು ಕೊಟ್ಟದ್ದು, ಅದಕ್ಕೆಂತ ದರ?" ಅಂದರು. ದೇವರು ಕೊಟ್ಟದ್ದು ಹೌದು, ಪೈಪ್ ಹಾಕಿಕೊಟ್ಟಿಲ್ಲವಲ್ಲ. ಅಜ್ಜಿ ಮಾತ್ರ, "ಹಂಗಾರೆ ನಂಗೆ ಎಷ್ಟು ಬತ್ತದೆ?" ಅಂತ ಕೇಳಿದರು. ಯಾರೂ ಉತ್ತರ ಹೇಳಲಿಲ್ಲ, ಯಾಕೆಂದರೆ ಲೆಕ್ಕ ಹಾಕಲು ರೀಡಿಂಗೇ ಇಲ್ಲ.

ಕೊನೆಗೆ ದರ ಪರಿಶೀಲನೆಗೆ ಒಂದು ಸಮಿತಿ ಮಾಡಿದರು. ಹೋಂಸ್ಟೇ ಮಾಲೀಕರೇ ಅಧ್ಯಕ್ಷರು. ಅವತ್ತು ಪಂಚಾಯ್ತಿ ನಲ್ಲಿಯಲ್ಲಿ ನೀರು ಬಂದಿರಲಿಲ್ಲ, ಹಾಗಾಗಿ ಸಭೆಯ ಟೀಯೂ ಅವರಲ್ಲಿಂದಲೇ ಬಂತು.