ಒತ್ತಕ್ಷರ ಕಲಸಿಹೋದರೆ ಕನ್ನಡಕದಂಗಡಿಗೆ ಯಾಕೆ ಓಡ್ತೀರಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು ಅಂದದ್ದೇ ತಡ, ಮುಂಬಯಿಯ ಗಲ್ಲಿಗಲ್ಲಿಯಲ್ಲಿ 'ವಿಂಡೋಸ್ ಹನ್ನೊಂದು ಹಾಕಿಕೊಡ್ತೇವೆ' ಎನ್ನುವವರು ಹುಟ್ಟಿಕೊಂಡರು. ಹಾಕಿಯೂ ಕೊಟ್ಟರು. ಹೋಟೆಲಿನ ಗಲ್ಲಾದ ಕಂಪ್ಯೂಟರು, ಡೊಂಬಿವಲಿಯ ಡಿಟಿಪಿ ಅಂಗಡಿ, ಸಂಘದ ಕಚೇರಿಯಲ್ಲಿರುವ ಒಂದೇ ಒಂದು ಡಬ್ಬ, ಯಾವುದನ್ನೂ ಬಿಡಲಿಲ್ಲ. ಮಾರನೇ ದಿನ ಎಲ್ಲ ಕಡೆ ಒಂದೇ ದೂರು: ಅಕ್ಷರ ಮಸುಕು. ಫೋನ್ ಮಾಡಿ ಕೇಳಿದರೆ ಉತ್ತರವೂ ಒಂದೇ: "ಶೇಠ್, ಸ್ಕ್ರೀನ್ ಹಳೇದಾಯ್ತು, ಹೊಸದು ತಗೊಳ್ಳಿ." ನಿನ್ನೆ ಸಂಜೆಯವರೆಗೆ ಸರಿಯಿದ್ದ ಪರದೆ ಒಂದೇ ರಾತ್ರಿಯಲ್ಲಿ ಮುದಿಯಾಗುವುದು ಹೇಗೆ ಮಾರಾಯ್ರೆ? ಇದನ್ನು ನಂಬಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊಸ ಮಾನಿಟರ್ ಹೊತ್ತು ತಂದವರಿದ್ದಾರೆ, ಕಣ್ಣು ಪರೀಕ್ಷೆ ಮಾಡಿಸಿಕೊಂಡವರೂ ಇದ್ದಾರೆ.

ಎರಡು ನಿಮಿಷದ ಪರೀಕ್ಷೆಯೊಂದಿದೆ. ಯಾವನೂ ಮಾಡುವುದಿಲ್ಲ. ಮಸುಕಾಗಿ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಫೋಟೋ ಎಂದು ಕಳಿಸಿದರೆ ಅದೇ ಹಿಂಡಿ ಇನ್ನಷ್ಟು ಹಾಳು ಮಾಡುತ್ತದೆ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಅಲ್ಲಿ ಅಕ್ಷರ ಚೊಕ್ಕವಾಗಿದ್ದರೆ ಚಿತ್ರ ಕಂಪ್ಯೂಟರಿನಿಂದ ಸರಿಯಾಗಿಯೇ ಹೊರಟಿದೆ. ತೊಂದರೆ ಇರುವುದು ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಲೆಕ್ಕ), ಕೇಬಲ್ ಅಥವಾ ಮಾನಿಟರಿನಲ್ಲಿ. ಫೋನಿನಲ್ಲೂ ಮಸುಕಾಗಿಯೇ ಇದ್ದರೆ ಕಂಪ್ಯೂಟರಿನೊಳಗೇ ಯಾವುದೋ ಪ್ರೋಗ್ರಾಮಿನ ಅಕ್ಷರವನ್ನು ವಿಂಡೋಸ್ ಎಳೆದು ಹಿಗ್ಗಿಸುತ್ತಿದೆ, ಮಾನಿಟರ್ ಬದಲಿಸಿ ಏನೂ ಪ್ರಯೋಜನವಿಲ್ಲ. ಇಷ್ಟನ್ನು ನೋಡದೆ 'ಸ್ಕ್ರೀನ್ ಹೋಯ್ತು' ಎನ್ನುವವನ ಕೈಗೆ ಮೌಸ್ ಕೊಡಲೇಬಾರದು.

ಮೊದಲನೆಯ ಪೈಕಿಯದ್ದೇ, ಅಂದರೆ ರೆಸಲ್ಯೂಷನ್ ತೊಂದರೆಯೇ, ಹೆಚ್ಚು. ಎಲ್‌ಸಿಡಿ ಪರದೆಯಲ್ಲಿ ಚುಕ್ಕೆಗಳ ಲೆಕ್ಕ ಕಾರ್ಖಾನೆಯಲ್ಲೇ ಗಟ್ಟಿ. ಗಲ್ಲಾದಲ್ಲಿರುವ ಹಳೆಯ ಚೌಕ 17 ಇಂಚಿನ ಮಾನಿಟರಿಗೆ 1280×1024, ಈಗಿನ ಸಾಮಾನ್ಯ ಅಗಲ ಮಾನಿಟರಿಗೆ 1920×1080. ಅಪ್‌ಗ್ರೇಡ್ ಆದ ಮೇಲೆ ಅದು 1024×768ಕ್ಕೆ ಜಾರಿ ಕೂತಿದ್ದರೆ ಏನಾಗುತ್ತದೆ ನೋಡಿ: ಚೌಕ ಮಾನಿಟರಿನಲ್ಲಿ ಒಂದು ಚುಕ್ಕೆಯನ್ನು ಅಡ್ಡಕ್ಕೆ 1.25 ಪಾಲು, ಉದ್ದಕ್ಕೆ 1.33 ಪಾಲು ಮಾಡಬೇಕು. ಕಾಲು ಚುಕ್ಕೆ ಎಂಬುದು ಪರದೆಯಲ್ಲಿ ಇಲ್ಲ, ಹಾಗಾಗಿ ಪಕ್ಕದ ಚುಕ್ಕೆಗೆ ಬೂದು ಬಳಿಯುತ್ತದೆ. ಅದೇ ಮಸುಕು. ಅಗಲ ಮಾನಿಟರಿನಲ್ಲಿ ಪರದೆ ತುಂಬಾ ಹಿಗ್ಗಿಸಿದ್ದರೆ ಅಕ್ಷರ ಊದಿಕೊಂಡೂ ಇರುತ್ತದೆ, 'ಠ' ಎಂಬುದು ಇಡ್ಲಿಯ ಹಾಗೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆದು ರೆಸಲ್ಯೂಷನ್ ಪಟ್ಟಿಯಲ್ಲಿ ರೆಕಮೆಂಡೆಡ್ ಎಂದು ಬರೆದಿರುವುದನ್ನೇ ಆರಿಸಿ.

ಪಟ್ಟಿ ತೆರೆಯುವುದೇ ಇಲ್ಲವೇ? ಅಥವಾ ನಿಮ್ಮ ಮಾನಿಟರಿನ ಸಂಖ್ಯೆ ಅಲ್ಲಿ ಇಲ್ಲವೇ? ಹಾಗಾದರೆ ಬಹುಮಟ್ಟಿಗೆ ಗ್ರಾಫಿಕ್ಸ್ ಡ್ರೈವರೇ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಪ್ರೋಗ್ರಾಮು) ಇಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿದ್ದರೆ ನಿಮ್ಮ ದುಡ್ಡು ಇಸಕೊಂಡವನು ಕೆಲಸ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ ಎಂದರ್ಥ. ಅದು ಪರದೆ ಪೂರ್ತಿ ಕಪ್ಪಾಗದಿರಲಿ ಎಂದು ಇಟ್ಟ ಸ್ಟೆಪ್ನಿ ಟಯರು. ಲ್ಯಾಪ್‌ಟಾಪಿನಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ಪಟ್ಟಿ ಕಾಣೆಯಾಗಿದ್ದರೂ ಇದೇ ಗುರುತು. ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಡ್ರೈವರ್ ಇದ್ದರೆ ಹಾಕಿ. ಇಲ್ಲದಿದ್ದರೆ ಯಂತ್ರದ ಅಡಿಯಲ್ಲಿರುವ ಮಾಡೆಲ್ ನಂಬರ್ ಹಿಡಿದು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. 'ಡ್ರೈವರ್ ಹುಡುಕಿಕೊಡುತ್ತೇವೆ' ಎಂಬ ಪುಕ್ಕಟೆ ಪ್ರೋಗ್ರಾಮುಗಳ ಸಹವಾಸ ಬೇಡ. ಇನ್ನು 11ಕ್ಕೆ ಅರ್ಹತೆಯೇ ಇಲ್ಲದ ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ತುರುಕಿದ್ದರೆ ಅದಕ್ಕೆ ಸರಿಯಾದ ಡ್ರೈವರ್ ಸಿಕ್ಕೀತು ಎಂಬ ಖಾತ್ರಿಯೇ ಇಲ್ಲ. ಹಾಕುವ ಮುಂಚೆ ಇದನ್ನು ಹೇಳಬೇಕಿತ್ತಲ್ಲ?

ಕೇಬಲ್ ಮಾತು ಒಂದೇ ಸಾಲು: ನೀಲಿ ತಲೆಯ ವಿಜಿಎ ಕೇಬಲಾದರೆ ಮಾನಿಟರಿನ ಆಟೋ ಗುಂಡಿ ಒತ್ತಿ, ಎಚ್‌ಡಿಎಂಐ ಜಾಗ ಇದ್ದರೆ ಅದಕ್ಕೆ ಬದಲಿಸಿ.

ಇನ್ನು ಫೋನಿನಲ್ಲೂ ಮಸುಕು ಕಂಡವರು. ನಿಮ್ಮ ಶತ್ರು ಸ್ಕೇಲ್, ಅಂದರೆ ಪರದೆಯ ಮೇಲಿನದ್ದನ್ನೆಲ್ಲ ಶೇಕಡಾ ಎಷ್ಟು ದೊಡ್ಡದು ಮಾಡಬೇಕೆಂಬ ಲೆಕ್ಕ. ಅದೇ ಡಿಸ್‌ಪ್ಲೇ ಪುಟದಲ್ಲಿದೆ, 100, 125, 150 ಎಂದು. 15.6 ಇಂಚಿನ 1920×1080 ಲ್ಯಾಪ್‌ಟಾಪಿನಲ್ಲಿ ಒಂದು ಇಂಚಿಗೆ ಸುಮಾರು 141 ಚುಕ್ಕೆ. 100ರಲ್ಲಿ ಇಟ್ಟರೆ ಇರುವೆ ಸಾಲು, ಆದ್ದರಿಂದ ಅಲ್ಲಿ 125 ಅಥವಾ 150 ಬೇಕೇ ಬೇಕು. ಆದರೆ ಹಳೆಯ ಬಿಲ್ಲಿಂಗ್ ಪ್ರೋಗ್ರಾಮು, ಹಳೆಯ ಕನ್ನಡ ಎಡಿಟರು ಇವುಗಳಿಗೆಲ್ಲ ಸ್ಕೇಲ್ ಎಂಬುದೇ ಗೊತ್ತಿಲ್ಲ. ಅವು 100ರ ಲೆಕ್ಕದಲ್ಲೇ ಬರೆಯುತ್ತವೆ, ವಿಂಡೋಸ್ ಅದನ್ನು ಫೋಟೋ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. 125ರಲ್ಲಿ ನಾಲ್ಕು ಚುಕ್ಕೆ ಐದಾಗಬೇಕು, ಆ ಐದನೆಯದು ಎಲ್ಲಿಂದ ಬರಬೇಕು? ಆ ಪ್ರೋಗ್ರಾಮಿನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್ ಪೆಟ್ಟಿಗೆಗೆ ಗುರುತು ಹಾಕಿ ಮೊದಲು 'ಸಿಸ್ಟಮ್ ಎನ್‌ಹಾನ್ಸ್ಡ್' ನೋಡಿ. ಅದು ಕೆಲವಕ್ಕೆ ಮಾತ್ರ ಒಗ್ಗುತ್ತದೆ. ಆಗದಿದ್ದರೆ 'ಅಪ್ಲಿಕೇಷನ್' ಆರಿಸಿ. ಅಕ್ಷರ ಸೂಜಿಯಂತೆ ಬರುತ್ತದೆ, ಆದರೆ ಚಿಕ್ಕದಾಗುತ್ತದೆ. ಪ್ರೋಗ್ರಾಮು ಮುಚ್ಚಿ ತೆರೆದ ಮೇಲಷ್ಟೇ ಬದಲಾವಣೆ ಕಾಣುವುದು.

ಸ್ಕೇಲ್ ಬದಲಿಸಿದ ಮೇಲೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ಇದನ್ನು ಯಾರೂ ಹೇಳುವುದಿಲ್ಲ! ಮೊದಲೇ ತೆರೆದಿದ್ದ ಪ್ರೋಗ್ರಾಮುಗಳಲ್ಲಿ ಕೆಲವು ಹಳೆಯ ಲೆಕ್ಕದಲ್ಲೇ ಕೂತು ಮಂಜು ಮಂಜಾಗಿ ಕಾಣುತ್ತವೆ, ಜನ ಮತ್ತೆ 100ಕ್ಕೆ ತಂದು ಭೂತಗನ್ನಡಿ ಹಿಡಿಯುತ್ತಾರೆ. ಕಸ್ಟಮ್ ಸ್ಕೇಲಿನಲ್ಲಿ 110, 115 ಎಂದು ಕೈಯಾರೆ ಹೊಡೆದಿಟ್ಟಿದ್ದರೆ ತೆಗೆದುಬಿಡಿ. ಅಕ್ಷರ ಮಾತ್ರ ದೊಡ್ಡದು ಬೇಕಿದ್ದರೆ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಇದೆ, 225ರವರೆಗೆ ಹೋಗುತ್ತದೆ.

ಕನ್ನಡದವರ ನಿಜವಾದ ಸಿಟ್ಟು ಮಾತ್ರ ಬೇರೆಯೇ. ಕ್ಲಿಯರ್‌ಟೈಪ್ ಎಂಬ ವ್ಯವಸ್ಥೆ ಅಕ್ಷರದ ಅಂಚು ನಯ ಮಾಡುತ್ತದೆ. ಪರದೆಯ ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ನಿಂತಿವೆ. ಅವನ್ನು ಬಿಡಿಬಿಡಿಯಾಗಿ ಬಳಸಿ ಅಡ್ಡಕ್ಕೆ ಮೂರುಪಟ್ಟು ನಯ ತರುತ್ತದೆ. ಅಡ್ಡಕ್ಕೆ ಮಾತ್ರ. ಇಂಗ್ಲಿಷಿನ ನಿಂತ ಗೆರೆಗಳಿಗೆ ಅದು ಹಬ್ಬ. ನಮ್ಮದೋ, ತಲೆಕಟ್ಟು ಮೇಲೆ, ಒತ್ತು ಕೆಳಗೆ, ನಡುವೆ ಪೂರ್ತಿ ದುಂಡು. ನಮಗೆ ಬೇಕಾದದ್ದು ಮೇಲಿಂದ ಕೆಳಕ್ಕೆ ನಯ. ಹೊಸ ಪ್ರೋಗ್ರಾಮುಗಳು ಆ ದಿಕ್ಕಿನಲ್ಲೂ ಒಂದಿಷ್ಟು ನಯ ಮಾಡುತ್ತವೆ, ಹಳೆಯವು ಮಾಡುವುದಿಲ್ಲ. 11 ಪಾಯಿಂಟಿನ ಅಕ್ಷರಕ್ಕೆ 100ರ ಸ್ಕೇಲಿನಲ್ಲಿ ಎತ್ತರಕ್ಕೆ ಸಿಗುವುದೇ 15 ಚುಕ್ಕೆ. ಅದರಲ್ಲೇ 'ರಾಷ್ಟ್ರ'ದ ಷ, ಟ ಒತ್ತು, ರ ಒತ್ತು ಎಲ್ಲ ಹೊಂದಿಕೊಳ್ಳಬೇಕು. ಹೊಟ್ಟೆ ಸೀಳುವ ಗೆರೆಗೆ ಚುಕ್ಕೆ ಸಾಲದೆ 'ಧನಸಹಾಯ' ದನಸಹಾಯ ಆಗುತ್ತದೆ, ಅರ್ಕಾವತ್ತು ೯ ಆಗುತ್ತದೆ. ಪ್ರೂಫ್ ನೋಡಿದವರಿಗೇ ಬೈಗುಳ!

ಸರ್ಚ್ ಪೆಟ್ಟಿಗೆಯಲ್ಲಿ ಕ್ಲಿಯರ್‌ಟೈಪ್ ಎಂದು ಹೊಡೆದರೆ ಟ್ಯೂನರ್ ತೆರೆಯುತ್ತದೆ. ರೆಸಲ್ಯೂಷನ್ ಸರಿ ಮಾಡಿದ ಮೇಲೇ ಅದನ್ನು ಮುಟ್ಟಿ. ಅದು ತೋರಿಸುವ ಮಾದರಿಗಳೆಲ್ಲ ಇಂಗ್ಲಿಷ್ ಲಿಪಿಯವು. ಅವು ಚಂದ ಕಂಡವೆಂದು ಸರಸರ ನೆಕ್ಸ್ಟ್ ಒತ್ತಬೇಡಿ. ಮುಗಿಸಿ, ಕನ್ನಡ ಪುಟ ತೆರೆದು ನೋಡಿ, ಕಪ್ಪು ಹೆಚ್ಚಾಗಿ ಒತ್ತು ತುಂಬಿಕೊಂಡಿದ್ದರೆ ಮತ್ತೆ ಬಂದು ತೆಳುವಾದದ್ದನ್ನು ಆರಿಸಿ. ಮಾನಿಟರನ್ನು ಉದ್ದಕ್ಕೆ ತಿರುಗಿಸಿ ಪುಟ ಕಟ್ಟುವವರಿಗೆ ಈ ಲಾಭ ದಕ್ಕುವುದಿಲ್ಲ, ಬಣ್ಣದ ಪಟ್ಟಿಗಳೇ ಅಡ್ಡ ಮಲಗಿರುತ್ತವೆ.

ಹಳೆಯ ಕಡತದ ಅಕ್ಷರ ಮಾತ್ರ ಬೇರೆ ತರ ಕಾಣುತ್ತಿದೆಯೇ? ತುಂಗಾ ಎಂಬ ಕನ್ನಡ ಫಾಂಟ್ ಹೋಗಿರಬಹುದು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಜೊತೆಗೇ ಬರುತ್ತಿದ್ದ ಅದನ್ನು 10ರಿಂದ ಐಚ್ಛಿಕ ಮಾಡಿಟ್ಟಿದ್ದಾರೆ. ಫಾಂಟ್ ಪೆಟ್ಟಿಗೆಯಲ್ಲಿ ತುಂಗಾ ಎಂದೇ ಬರೆದಿರುತ್ತದೆ, ಬರೆದುಕೊಡುವುದು ಇನ್ಯಾವುದೋ. ಸಾಲು ಮುರಿದು, ಒಂದು ಪುಟದ ಆಮಂತ್ರಣ ಒಂದೂಕಾಲು ಪುಟ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ಇಂಟರ್‌ನೆಟ್ ಇರಬೇಕು, ಅಷ್ಟೇ.

ಕೊನೆಗೆ ಆ ಮಹಾಬುದ್ಧಿವಂತರ ಇನ್ನೊಂದು ಕೈಚಳಕ. ಹಳೆಯ ಯಂತ್ರ ಓಡಲಿ ಎಂದು ಪರ್ಫಾರ್ಮೆನ್ಸ್ ಆಪ್ಷನ್ಸ್‌ನಲ್ಲಿ 'ಬೆಸ್ಟ್ ಪರ್ಫಾರ್ಮೆನ್ಸ್' ಒತ್ತಿ ಹೋಗುತ್ತಾರೆ. ಎಲ್ಲ ಗುರುತುಗಳ ಜೊತೆ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್' ಕೂಡ ಹಾರಿಹೋಗಿ ಅಕ್ಷರ ಗರಗಸದ ಹಲ್ಲಾಗುತ್ತದೆ. ಅದೊಂದಕ್ಕೆ ಮತ್ತೆ ಗುರುತು ಹಾಕಿ. ಉಳಿದವು ಬೇಕಾದರೆ ಹಾಗೇ ಇರಲಿ.

ಮುಂದಿನ ಸಲ ಹಣ ಎಣಿಸುವ ಮೊದಲು 11 ಪಾಯಿಂಟಿನಲ್ಲಿ 'ಧನ, ರಾಷ್ಟ್ರ, ವೈಶಿಷ್ಟ್ಯ, ಅರ್ಘ್ಯ' ಎಂದು ಹೊಡೆದು ಅವನ ಎದುರಿಗಿಡಿ. ಅವನಿಗೆ ಓದಲು ಬರದಿದ್ದರೆ ನೀವೇ ಓದಿ, ಓದಲಾಗುವವರೆಗೆ ಚಾ ಕುಡಿಸಿ ಕೂರಿಸಿ.