ಅಗ್ನಿಶಾಮಕ ವಾಹನ ಬರುವುದಕ್ಕೆ ಮೊದಲು ಇರಬೇಕಾದ ಇಂಜಿನಿಯರ್

ಸಿಇಟಿ ಆಯ್ಕೆಗಳನ್ನು ತುಂಬುವ ದಿನಗಳಲ್ಲಿ ತುಮಕೂರಿನ ಮನೆಗಳಲ್ಲಿ ನಡೆಯುವ ಚರ್ಚೆ ಕಂಪ್ಯೂಟರ್ ಸೈನ್ಸ್‌ನಿಂದ ಶುರುವಾಗಿ, ಅದರದೇ ಇನ್ನೊಂದು ಹೆಸರಿನ ಕೋರ್ಸಿನಲ್ಲಿ ಮುಗಿಯುತ್ತದೆ. ನಮ್ಮ ಬಂಧುಗಳ ಮಗಳೊಬ್ಬಳು ಫೈರ್ ಇಂಜಿನಿಯರಿಂಗ್ ಓದುತ್ತೇನೆಂದಾಗ ಅವಳ ಅಜ್ಜಿ, “ಬೆಂಕಿ ಆರಿಸೋದಕ್ಕೂ ಇಂಜಿನಿಯರಿಂಗ್ ಬೇಕೇನೇ?” ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಓದಿದವರಲ್ಲಿಯೂ ಅನೇಕರು ಈ ವಿಷಯವನ್ನು ಅಷ್ಟೇ ಎಂದು ತಿಳಿದಿರುವುದರಿಂದ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆನಿಸಿತು.

ಬೆಂಕಿ ಆರಿಸುವುದು ಅಗ್ನಿಶಾಮಕ ದಳದ ಕೆಲಸ. ಅದಕ್ಕೆ ಧೈರ್ಯವೂ ಕಠಿಣ ತರಬೇತಿಯೂ ಬೇಕು. ಫೈರ್ ಇಂಜಿನಿಯರ್‌ನ ಕೆಲಸ ಕಟ್ಟಡದ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಆರಂಭವಾಗುತ್ತದೆ. ಒಳಗಿರುವವರೆಲ್ಲ ಹೊರಬರಲು ಎಷ್ಟು ಹೊತ್ತು ಬೇಕು, ಹೊಗೆ ತಲೆಯ ಮಟ್ಟಕ್ಕೆ ಇಳಿದು ಆ ಜಾಗ ಉಸಿರಾಡಲಾಗದಂತಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಎರಡು ಲೆಕ್ಕಗಳನ್ನು ಹಾಕಿ, ಮೊದಲನೆಯದು ಎರಡನೆಯದಕ್ಕಿಂತ ಸಾಕಷ್ಟು ಕಡಿಮೆಯಿರುವಂತೆ ಮೆಟ್ಟಿಲು, ಬಾಗಿಲು, ಹೊಗೆ ಹೊರಹೋಗುವ ದಾರಿಗಳನ್ನು ರೂಪಿಸುವುದು ಈ ವಿದ್ಯೆಯ ತಿರುಳು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತಾಗ ಅಲ್ಲಿದ್ದವರನ್ನು ಕಿಟಕಿಗಳತ್ತ ಓಡಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ.

ಆದ್ದರಿಂದ ಈ ಓದಿನಲ್ಲಿ ದಹನದ ರಸಾಯನಶಾಸ್ತ್ರ, ಶಾಖ ಪ್ರಸರಣ, ದ್ರವ ಮತ್ತು ಅನಿಲಗಳ ಹರಿವು, ಕಟ್ಟಡಗಳ ಬಲ, ಗಾಬರಿಗೊಂಡ ಜನರ ನಡವಳಿಕೆ ಎಲ್ಲವೂ ಸೇರಿರುತ್ತವೆ. ಬೆಂಕಿಯ ಬೆಳವಣಿಗೆಯನ್ನು ಸಾಮಾನ್ಯವಾಗಿ ಕಾಲದ ವರ್ಗಕ್ಕೆ ಅನುಗುಣವಾಗಿ ಲೆಕ್ಕ ಹಾಕುತ್ತಾರೆ: ಸಮಯ ಎರಡು ಪಟ್ಟಾದರೆ ಬೆಂಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಟ್ಟಡದ ಭಾಗಗಳು ಬೆಂಕಿಯನ್ನು ಎಷ್ಟು ಹೊತ್ತು ತಾಳುತ್ತವೆಂದು ನೋಡುವ ಪರೀಕ್ಷಾ ಕುಲುಮೆಗಳಲ್ಲಿ ಬಳಸುವ ಐಎಸ್‌ಒ 834 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬಿಸಿ ಅನಿಲದ ಉಷ್ಣತೆ ಐದೇ ನಿಮಿಷಕ್ಕೆ 576 ಡಿಗ್ರಿ, ಒಂದು ಗಂಟೆಗೆ 945 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಉಕ್ಕು 600 ಡಿಗ್ರಿಗೆ ಕಾಯುವಷ್ಟರಲ್ಲಿ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಬೆಂಕಿ ತಾಳುವ ಯಾವ ಲೇಪನವೂ ಇಲ್ಲದ ಉಕ್ಕಿನ ಕಂಬಗಳ ಮೇಲೆ ಶೀಟು ಹೊದಿಸಿದ ಶೆಡ್‌ಗಳು ವಸಂತನರಸಾಪುರ ಕೈಗಾರಿಕಾ ಪ್ರದೇಶದ ದಾರಿಯುದ್ದಕ್ಕೂ ಏಳುತ್ತಿರುವ ಕಾಲದಲ್ಲಿ ಈ ಅಂಕಿಗಳು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವಂಥವಲ್ಲ.

ಕೊಬ್ಬರಿಯ ವಿಷಯವನ್ನೇ ನೋಡಿ. ತಿಪಟೂರು ಸೀಮೆಯಲ್ಲಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಸರಿಯಾಗಿ ಒಣಗದ ಕೊಬ್ಬರಿಯನ್ನು ಗಾಳಿಯಾಡದ ಕಡೆ ರಾಶಿ ಹಾಕಿದರೆ ಅದು ಯಾವ ಕಿಡಿಯೂ ಇಲ್ಲದೆ ತಾನಾಗಿಯೇ ಕಾಯಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ಸ್ವಯಂ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ! ರಾಶಿ ಎಷ್ಟು ಎತ್ತರವಿರಬೇಕು, ನಡುವೆ ಎಷ್ಟು ಜಾಗ ಬಿಡಬೇಕು, ತೇವಾಂಶ ಎಷ್ಟಿದ್ದರೆ ಅಪಾಯ ಎಂಬುದನ್ನು ನಮ್ಮದೇ ಕಾಲೇಜುಗಳ ವಿದ್ಯಾರ್ಥಿಗಳು ನಮ್ಮದೇ ಗೋದಾಮುಗಳಲ್ಲಿ ಅಳೆದು ನೋಡಿದರೆ, ಅಂತಿಮ ವರ್ಷದ ಪ್ರಾಜೆಕ್ಟಿಗೆ ಬೆಂಗಳೂರಿನಿಂದ ಸಿದ್ಧ ಮಾದರಿ ಕೊಂಡು ತರುವ ಪಾಡು ತಪ್ಪುತ್ತದೆ.

ಎಲ್ಲಿ ಓದಬೇಕು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಕೇಂದ್ರ ಗೃಹ ಸಚಿವಾಲಯಕ್ಕೆ ಸೇರಿದ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಇ. ಇದೆ, ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಮತ್ತು ಫೈರ್ ಇಂಜಿನಿಯರಿಂಗ್‌ನ ಬಿ.ಟೆಕ್. ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಇದಕ್ಕೆಂದೇ 1956ರಿಂದ ಪ್ರತ್ಯೇಕ ವಿಭಾಗವನ್ನು ನಡೆಸುತ್ತಿದೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಕೊಲ್ಲಿ ದೇಶಗಳ ಕೆಲಸದ ಆಸೆ ತೋರಿಸುವ ಆರು ತಿಂಗಳ “ಫೈರ್ ಅಂಡ್ ಸೇಫ್ಟಿ” ಡಿಪ್ಲೊಮಾಗಳನ್ನು ಇವುಗಳ ಸಾಲಿಗೆ ಸೇರಿಸಬಾರದು. ಅವುಗಳಿಂದ ಕೆಲವರಿಗೆ ಕೆಲಸ ಸಿಗಬಹುದು, ಆದರೆ ಕಟ್ಟಡವೊಂದರ ಹೊಗೆಯ ಲೆಕ್ಕ ಹಾಕುವ ಶಕ್ತಿ ಆರು ತಿಂಗಳಲ್ಲಿ ಬರುವುದಿಲ್ಲ.

ಇಷ್ಟು ಹೇಳಿದರೂ ತುಮಕೂರಿನಲ್ಲಿ ನಾಳೆಯೇ ಹೊಸ ವಿಭಾಗ ತೆರೆಯಬೇಕೆಂದು ನಾನು ಕೇಳುವುದಿಲ್ಲ. ಕಲಿಸುವವರಿಲ್ಲದೆ ಫಲಕ ಹಾಕಿದ ವಿಭಾಗಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಸಿವಿಲ್, ಮೆಕ್ಯಾನಿಕಲ್ ಮತ್ತು ಆರ್ಕಿಟೆಕ್ಚರ್ ಓದುವ ಪ್ರತಿಯೊಬ್ಬರಿಗೂ ಈ ವಿಷಯದ ಒಂದು ಪೂರ್ಣ ಪತ್ರಿಕೆ ಕಡ್ಡಾಯವಾಗಿರಲಿ; ಅದರಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಗ್ನಿ ಸುರಕ್ಷತೆಯ ಕುರಿತಾದ ನಾಲ್ಕನೇ ಭಾಗವನ್ನು ಓದಿಸಿ, ಊರಿನ ಯಾವುದಾದರೊಂದು ಕಲ್ಯಾಣ ಮಂಟಪಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಊಟದ ಹಾಲ್ ತುಂಬಿರುವ ಹೊತ್ತಿನಲ್ಲಿ ಎಷ್ಟು ಬಾಗಿಲು ನಿಜವಾಗಿಯೂ ತೆರೆಯುತ್ತವೆ, ಎಷ್ಟರ ಹಿಂದೆ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ ಎಂದು ಎಣಿಸಿ ವರದಿ ಬರೆಸಲಿ.